ಮನೆಗೊಂದೇ ಮೇಲ್ ವಿಳಾಸ

ನಮ್ಮ ಮನೆಯಲ್ಲಿ ಲೈಟಿನ ಮೀಟರು, ಗ್ಯಾಸಿನ ಪುಸ್ತಕ, ರೇಷನ್ ಕಾರ್ಡು, ನಳದ ನೀರಿನ ಪಟ್ಟಿ ಎಲ್ಲವೂ ಹಿರಿಯ ಗಂಡಸಿನ ಹೆಸರಿನಲ್ಲಿರುವುದು ರೂಢಿ. ಅಪ್ಪ ತೀರಿಕೊಂಡ ಮೇಲೆ ಕಚೇರಿಯಿಂದ ಕಚೇರಿಗೆ ಓಡಾಡಿ ಅವನ್ನೆಲ್ಲ ನನ್ನ ಹೆಸರಿಗೆ ಮಾಡಿಸಿದೆವು. ಆಗ ನನಗೆ ಇಪ್ಪತ್ತಾರು ವರ್ಷ, ತಂಗಿಗೆ ಹದಿನೇಳು. ಮರುವರ್ಷ ಮನೆಗೊಂದು ಇ-ಮೇಲ್ ವಿಳಾಸ ಬೇಕಾಯಿತು. ಅದನ್ನೂ ನನ್ನ ಹೆಸರಿನಲ್ಲೇ ತೆಗೆದೆವು. ಬೇಕಾಗಿದ್ದುದು ತಂಗಿಗೆ. ಗುಂಡಿ ಒತ್ತಿದವಳು, ಪಾಸ್‌ವರ್ಡ್ ಯೋಚಿಸಿದವಳು ಅವಳೇ. ಹೆಸರು ಮಾತ್ರ ನನ್ನದು. ಇದು ಅವಳಿಗೂ ವಿಚಿತ್ರ ಅನ್ನಿಸಲಿಲ್ಲ. ಮನೆಗೆ ಬರುವ ಕಾಗದ ಹಿರಿಯನ ಹೆಸರಿಗೆ ಬರಬೇಕಲ್ಲವೇ?

ನಮ್ಮದು ಮಿರಜ ಪೇಟೆಯ ವ್ಯಾಪಾರಸ್ಥ ಮನೆತನ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಸಾಂಗ್ಲಿಯ ಮಾರ್ಕೆಟ್ ಯಾರ್ಡಿನ ಹತ್ತಿರ ನಮ್ಮ ಬಾರದಾನದ ಅಂಗಡಿ ಇದೆ. ಬಾರದಾನವೆಂದರೆ ಖಾಲಿ ಗೋಣಿಚೀಲ. ಹಳೆಯ ಚೀಲ ಕೊಂಡು, ಝಾಡಿಸಿ, ಹರಿದದ್ದನ್ನು ಹೊಲಿದು, ಅರಿಶಿನದ ವ್ಯಾಪಾರಿಗಳಿಗೆ ಮತ್ತೆ ಮಾರುವುದು. ನಾನು ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತು ಅಂಗಡಿಗೆ ಬಂದವನು. ಇಂಗ್ಲಿಷ್ ಅಂದರೆ ನನಗೆ ಬಿಡಿ ಅಕ್ಷರಗಳು ಮಾತ್ರ. ಚೀಲದ ಮೇಲೆ ಒತ್ತಿದ ಕಂಪನಿಯ ಹೆಸರು ಓದುವಷ್ಟು. ತಂಗಿ ಹಾಗಲ್ಲ. ಅವಳು ಹನ್ನೆರಡನೆಯದನ್ನು ಸಾಯನ್ಸ್ ತೆಗೆದುಕೊಂಡು ಪಾಸಾದಳು. ನಮ್ಮ ಮನೆತನದಲ್ಲಿ ಅಷ್ಟು ಓದಿದ ಮೊದಲ ಹೆಣ್ಣುಮಗಳು.

ಮಿರಜದಲ್ಲಿ ಹುಟ್ಟಿದವರಿಗೆ ದವಾಖಾನೆ ಹೊಸದಲ್ಲ. ಅಥಣಿ, ಚಿಕ್ಕೋಡಿ, ರಾಯಬಾಗದ ಕಡೆಯಿಂದ ರೋಗಿಗಳನ್ನು ಕರೆದುಕೊಂಡು ಬಂದವರು ಸ್ಟೇಶನ್ನಿನ ಹೊರಗೆ ಕನ್ನಡದಲ್ಲಿ ದಾರಿ ಕೇಳುತ್ತಿದ್ದರು. ತಂಗಿ ಚಿಕ್ಕವಳಿದ್ದಾಗಿನಿಂದ ಅವರನ್ನು ದವಾಖಾನೆಯ ಬಾಗಿಲವರೆಗೆ ಬಿಟ್ಟು ಬರುತ್ತಿದ್ದಳು. ಒಮ್ಮೆ ಯಾರದೋ ರಕ್ತ ತಪಾಸಣೆಗೆ ಕೊಡುವಾಗ ಲ್ಯಾಬಿನ ಕಿಟಕಿಯಿಂದ ಒಳಗೆ ನೋಡಿದಳಂತೆ. ಬಿಳಿ ಕೋಟು ಹಾಕಿಕೊಂಡ ಹೆಂಗಸೊಬ್ಬಳು ರಕ್ತ ನೋಡುವ ದುರ್ಬೀನಿಗೆ ಕಣ್ಣಿಟ್ಟು ಏನನ್ನೋ ಎಣಿಸುತ್ತಿದ್ದಳಂತೆ. "ಅಕಿ ಯಾರ ಮಾತಿಗೂ ತಲಿ ಎತ್ತಲಿಲ್ಲ ದಾದಾ," ಎಂದು ಮನೆಗೆ ಬಂದು ಹೇಳಿದಳು. ಅವತ್ತಿನಿಂದ ಅವಳಿಗೆ ಆ ಕೆಲಸವೇ ಬೇಕು. ಕೊಲ್ಹಾಪುರದ ಒಂದು ಸಂಸ್ಥೆಯಲ್ಲಿ ಎರಡು ವರ್ಷದ ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಇತ್ತು. ಅರ್ಜಿ ತಂದಳು. ಅರ್ಜಿಯಲ್ಲಿ ಇ-ಮೇಲ್ ಎಂದು ಒಂದು ಖಾನೆ ಇತ್ತು.

ಆಗ ಸ್ಟೇಶನ್ ರಸ್ತೆಯ ಎಸ್‌ಟಿಡಿ ಬೂತುಗಳು ಒಂದೊಂದಾಗಿ ನೆಟ್ ಕೆಫೆಗಳಾಗುತ್ತಿದ್ದ ಕಾಲ. ಸಾಂಗ್ಲಿಗೂ ಮಿರಜಕ್ಕೂ ನಡುವಿದ್ದ ಹೊಲಗಳಲ್ಲಿ ಮೋಟಾರ್ ಸೈಕಲ್ ಶೋರೂಮು, ಅಪಾರ್ಟ್‌ಮೆಂಟು ಏಳುತ್ತಿದ್ದವು. ಸಿಟಿ ಬಸ್ಸಿನಲ್ಲಿ ಕೂತು ಹೊರಗೆ ನೋಡಿದರೆ ಯಾವ ಊರು ಎಲ್ಲಿ ಮುಗಿಯಿತೆಂದು ತಿಳಿಯುತ್ತಿರಲಿಲ್ಲ. ನಾವು ಹೋದ ಕೆಫೆಯಲ್ಲಿ ಪ್ಲೈವುಡ್ಡಿನ ಆರು ಗೂಡುಗಳು, ಪ್ರತಿ ಗೂಡಿಗೂ ಒಂದು ಪರದೆ. ಆ ಪರದೆಗಳ ಬಗ್ಗೆ ಊರಲ್ಲಿ ಮಾತಿದ್ದವು. ಆದ್ದರಿಂದ ತಂಗಿ ಪರದೆ ಸರಿಸಿಯೇ ಕುಳಿತಳು; ನಾನು ಗೂಡಿನ ಬಾಯಿಗೆ ಕಾವಲುಗಾರನ ಹಾಗೆ ನಿಂತೆ. ಹತ್ತು ನಿಮಿಷದಲ್ಲಿ ವಿಳಾಸ ತಯಾರಾಯಿತು.

"ಇದಕ್ಕ ವರ್ಷಕ್ಕ ಏನ ಕಟ್ಟಬೇಕಾಗ್ತೈತಿ?" ಎಂದೆ.

"ಏನೂ ಇಲ್ಲ. ಪುಕ್ಕಟೆ."

"ಪುಕ್ಕಟೆ ಹ್ಯಾಂಗ? ಟಪಾಲಿನಾಂವಾ ಸೈತ ದಿವಾಳಿ ಹಬ್ಬಕ್ಕ ಕೈ ಚಾಚ್ತಾನ."

"ಇಲ್ಲೆ ಟಪಾಲಿನಾಂವಾನ ಇಲ್ಲೋ ಮಾರಾಯಾ!" ಎಂದು ನಕ್ಕಳು. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಅಂಗಿಯ ಜೇಬಿಗೆ ಹಾಕಿದಳು.

ಮನೆಗೆ ಬಂದ ಮೇಲೆ ಅವ್ವ ತೀರ್ಪು ಕೊಟ್ಟಳು. "ಒಂದ ಸಲ ಹ್ವಾದ್ರಿ, ಆತು. ಪಡದ್ಯಾಗ ಹೆಣ್ಣ ಹುಡುಗಿ ಕುಂದ್ರೂದು ಚಂದಲ್ಲ. ಇಂವಾ ಅಂಗಡಿಯಿಂದ ಬರೂ ದಾರ್ಯಾಗ ಐತಲ್ಲ, ಇಂವಾನ ನೋಡ್ಕೊಂಡ ಬರಲಿ." ತಂಗಿ ನನ್ನ ಮುಖ ನೋಡಿದಳು. ನಾನು ಹೂಂ ಅಂದೆ. ಅದನ್ನು ತೆರೆಯಲು ನನಗೆ ಬರುತ್ತದೋ ಇಲ್ಲವೋ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಿರಿಯನಿಗೆ ಬರುವುದಿಲ್ಲ ಎನ್ನುವ ಮಾತು ಆ ಮನೆಯಲ್ಲಿ ಇರಲೇ ಇಲ್ಲ.

ಮೊದಲ ಯಾದಿಯಲ್ಲಿ ಅವಳ ಹೆಸರು ಬರಲಿಲ್ಲ. ವೇಟಿಂಗ್ ಯಾದಿಯಲ್ಲಿ ಹನ್ನೊಂದನೆಯದಾಗಿ ಬಂತು. ಜಾಗ ತೆರವಾದರೆ ಮೇಲ್ ಹಾಕಿ ತಿಳಿಸುತ್ತೇವೆ ಎಂದು ಯಾದಿಯ ಕೆಳಗೆ ಬರೆದಿತ್ತು. ವಾರಕ್ಕೊಮ್ಮೆ ನೋಡಬೇಕೆಂದು ಮಾತಾಯಿತು.

ಮೊದಲ ವಾರ ಹೋದೆ. ಚೀಟಿ ತೊಡೆಯ ಮೇಲಿಟ್ಟುಕೊಂಡು, ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಪಾಸ್‌ವರ್ಡಿನ ಜಾಗದಲ್ಲಿ ಅಕ್ಷರದ ಬದಲು ಕರಿ ಚುಕ್ಕೆ ಮೂಡಿದವು. ಕೆಟ್ಟಿತೇನೋ ಎಂದು ಅಳಿಸಿ ಮತ್ತೆ ಒತ್ತಿದೆ. ಕೆಂಪು ಅಕ್ಷರದಲ್ಲಿ ಇಂಗ್ಲಿಷಿನ ಒಂದು ಸಾಲು ಬಂತು. ಮೂರು ಸಲ ಒತ್ತಿದೆ, ಮೂರು ಸಲವೂ ಅದೇ ಸಾಲು. ಪಕ್ಕದ ಗೂಡಿನಲ್ಲಿ ಕಾಲೇಜಿನ ಹುಡುಗಿಯರು ಯಾವುದಕ್ಕೋ ಕಿಸಕ್ಕನೆ ನಕ್ಕರು. ನನ್ನನ್ನು ಅವರು ನೋಡಿರಲಿಕ್ಕಿಲ್ಲ. ಆದರೂ ನನ್ನ ಕಿವಿ ಬಿಸಿಯಾದವು.

"ಶೇಟ, ಕಾಯ ಝಾಲಂ?" ಎಂದು ಕೆಫೆಯವನು ಕುಳಿತಲ್ಲಿಂದಲೇ ಏನಾಯಿತೆಂದು ಕೇಳಿದ.

"ಕಾಹೀ ನಾಹೀ. ಝಾಲಂ," ಏನಿಲ್ಲ, ಮುಗಿಯಿತು ಎಂದು ಎದ್ದು ಬಂದೆ.

ತಂಗಿ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದಿದ್ದಳು. "ಏನರೆ ಬಂದೈತೇನ?"

"ನೋಡೇನಿ. ಏನೂ ಬಂದಿಲ್ಲ."

ಅಷ್ಟೇ ಮಾತು. ಆಡುವಾಗ ಅದು ಸುಳ್ಳು ಅನ್ನಿಸಲೂ ಇಲ್ಲ. ನೋಡಲು ಹೋಗಿದ್ದೆನಲ್ಲ, ಕುಳಿತಿದ್ದೆನಲ್ಲ. ಬಂದದ್ದು ಎಲ್ಲಿ ಹೋಗುತ್ತದೆ, ಮುಂದಿನ ವಾರ ಸಿಕ್ಕೇ ಸಿಗುತ್ತದೆ ಎಂದುಕೊಂಡೆ. ಎರಡನೆಯ ವಾರ ಕೆಫೆಯ ಎದುರಿನ ಗಾಡಿಯಲ್ಲಿ ಕಬ್ಬಿನ ಹಾಲು ಕುಡಿಯುತ್ತ ನಿಂತೆ. ಒಳಗೆ ಜನ ತುಂಬಿತ್ತು. ಅಷ್ಟು ಮಂದಿಯ ನಡುವೆ, ಮೂವತ್ತಕ್ಕೆ ಹತ್ತಿರ ಬಂದ ಅಂಗಡಿಕಾರ, ಇದನ್ನು ಹೇಗೆ ತೆರೆಯಬೇಕು ಎಂದು ಕೇಳುವುದು ಹೇಗೆ? ಕೇಳಲಿಲ್ಲ. ಮನೆಗೆ ಬಂದು ಅದೇ ಮಾತು ಹೇಳಿದೆ. ಮೂರನೆಯ ವಾರ ಆ ರಸ್ತೆಗೂ ಹೋಗಲಿಲ್ಲ. ಬೇರೆ ಕಡೆಯಿಂದ ಸುತ್ತಿ ಮನೆಗೆ ಬಂದೆ. "ನೋಡೇನಿ. ಏನೂ ಬಂದಿಲ್ಲ."

ಮುಂದೆ ಕೆಲವು ದಿನಗಳಲ್ಲಿ ತಂಗಿಯ ಕಾಲೇಜಿನ ಗೆಳತಿ ಪೇಢೆಯ ಡಬ್ಬಿ ಹಿಡಿದುಕೊಂಡು ಬಂದಳು. ಅವಳಿಗೆ ಅದೇ ಕೋರ್ಸಿಗೆ ಪ್ರವೇಶ ಸಿಕ್ಕಿತ್ತು. ವೇಟಿಂಗಿನಲ್ಲಿ ಅವಳದು ಹದಿನೇಳನೆಯ ಹೆಸರು.

"ನಿಂದು ಹದಿನೇಳು," ಎಂದಳು ತಂಗಿ. ಪೇಢೆ ಕೈಯಲ್ಲೇ ಇತ್ತು. "ನಂದು ಹನ್ನೊಂದು." ಗೆಳತಿ ಹೋದ ಮೇಲೆ ನನ್ನ ಕಡೆ ತಿರುಗಿದಳು. "ದಾದಾ, ನೀ ಸರಿ ನೋಡಿದ್ಯೋ ಇಲ್ಲೋ?"

"ನೋಡೇನಿ ಅಂತ ಎಷ್ಟ ಸಲ ಹೇಳಬೇಕ?" ಎಂದು ದನಿ ಏರಿಸಿದೆ.

"ಅಂವಾ ಯಾಕ ಸುಳ್ಳ ಹೇಳ್ತಾನ?" ಎಂದಳು ಅವ್ವ. ತಂಗಿ ಕೈಯಲ್ಲಿದ್ದ ಪೇಢೆಯನ್ನು ಹಾಗೇ ಇಟ್ಟು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಕೆಫೆ ತೆರೆಯುವ ಮೊದಲೇ ಹೋಗಿ ನಿಂತೆ. ಕೆಫೆಯವನಿಗೆ ಚೀಟಿ ಕೊಟ್ಟು, ಬರುತ್ತಿಲ್ಲ, ತೆಗೆದುಕೊಡು ಎಂದೆ. ಅವನು ಕೀಬೋರ್ಡಿನ ಮೂಲೆಯಲ್ಲಿ ಸಣ್ಣ ಹಸಿರು ದೀಪ ತೋರಿಸಿದ. ಅದು ಉರಿಯುತ್ತಿದ್ದರೆ ಅಕ್ಷರಗಳೆಲ್ಲ ದೊಡ್ಡವಾಗಿ ಬೀಳುತ್ತವೆ, ಪಾಸ್‌ವರ್ಡ್ ತಪ್ಪುತ್ತದೆ. ಒಂದು ಗುಂಡಿ ಒತ್ತಿದ, ದೀಪ ಆರಿತು, ಬಾಗಿಲು ತೆರೆಯಿತು. ಅವನಿಗೆ ಅದಕ್ಕೆ ಬೇಕಾದದ್ದು ಒಂದು ಕ್ಷಣ.

ಮೇಲ್ ಅಲ್ಲೇ ಇತ್ತು. ದಪ್ಪ ಅಕ್ಷರದಲ್ಲಿ, ಯಾರೂ ತೆರೆಯದೆ. ಕೆಫೆಯವನು ಅದನ್ನು ಮರಾಠಿಯಲ್ಲಿ ಓದಿ ಹೇಳಿದ: ಪ್ರವೇಶ ಸಿಕ್ಕಿದೆ, ಮೂಲ ಪ್ರಮಾಣಪತ್ರ ತೆಗೆದುಕೊಂಡು ಎಂಟು ದಿನದೊಳಗೆ ಬರಬೇಕು. ಓದುತ್ತ ಓದುತ್ತ ತಾರೀಖು ನೋಡಿದ. ಅವಧಿ ಮುಗಿದು ಹನ್ನೆರಡು ದಿನ ಆಗಿತ್ತು. "ಶೇಟ, ಹೇ ಗೇಲಂ," ಇದು ಹೋಯಿತು ಎಂದ ಮೆಲ್ಲಗೆ. ನನ್ನಿಂದ ಅವತ್ತು ದುಡ್ಡು ತೆಗೆದುಕೊಳ್ಳಲಿಲ್ಲ.

ಇಲ್ಲಿಯವರೆಗಿನದನ್ನು ನಾಚಿಕೆ, ತಿಳಿಯದೆ ಆದದ್ದು ಎಂದು ಯಾರಾದರೂ ಕ್ಷಮಿಸಿಯಾರು. ಇದರ ಮುಂದಿನದಕ್ಕೆ ಆ ಆಸರೆ ಇಲ್ಲ. ಅವತ್ತೇ ಕೊಲ್ಹಾಪುರದ ಬಸ್ಸು ಹತ್ತಿ, ತಪ್ಪು ನಂದು, ಹುಡುಗಿಯದಲ್ಲ ಎಂದು ಅವರ ಮುಂದೆ ಕೈ ಮುಗಿದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಹೋಗಲಿಲ್ಲ. ಸಂಜೆ ತಂಗಿಯೇ "ನಾವು ಒಮ್ಮೆ ಹೋಗಿ ಕೇಳಿ ಬರೂಣು" ಎಂದಾಗ ನನಗೆ ಹೆದರಿಕೆಯಾಯಿತು. ಹೋದರೆ ಅವರು ಮೇಲ್ ಹಾಕಿದ್ದೆವು ಅನ್ನುತ್ತಾರೆ.

"ಅಲ್ಲೆಲ್ಲಾ ವಶೀಲಿ ನಡೀತೈತಿ," ಎಂದೆ. "ಹನ್ನೊಂದ ಬಿಟ್ಟು ಹದಿನೇಳಕ್ಕ ಕೊಟ್ಟಾರಂದ್ರ ಗೊತ್ತಾಗಬಾರದೇನ? ನಮ್ಮಂಥವರನ್ನ ಯಾರ ಕೇಳ್ತಾರ?"

ಅವಳು ನಂಬಿದಳು. ಅವ್ವ ಆ ಸಂಸ್ಥೆಯವರಿಗೆ ಹಿಡಿ ಶಾಪ ಹಾಕಿದಳು. ಸರಿಯಾಗಿ ಕೆಲಸ ಮಾಡಿದ ಯಾರೋ ಗುಮಾಸ್ತನ ಮೇಲೆ ಲಂಚದ ಆರೋಪ ಹೊರಿಸಿ ನಾನು ಊಟಕ್ಕೆ ಕುಳಿತೆ. ಮರುವರ್ಷ ತಂಗಿಯ ಮದುವೆಯಾಯಿತು. ಕೃಷ್ಣೆಯ ಆಚೆ ದಡದ ಸಾಂಗ್ಲಿವಾಡಿಯ ಮನೆ, ಕಬ್ಬಿನ ಹೊಲ, ನಾಲ್ಕು ಎಮ್ಮೆ. ಒಳ್ಳೆಯ ಜನ. ಅವಳು ನಗುನಗುತ್ತಲೇ ಹೋದಳು. ಆ ಮೇಲೆ ಲ್ಯಾಬಿನ ಮಾತು ಎತ್ತಲಿಲ್ಲ.

ಮಾತು ಎತ್ತದಿದ್ದರೂ ಅದು ನನ್ನೊಳಗೆ ಕುಳಿತಿತ್ತು. ಮದುವೆಯ ಗದ್ದಲ ಮುಗಿದ ಮೇಲೆ ನಾನು ದಿನಾ ಬೆಳಿಗ್ಗೆ ಅರ್ಧ ತಾಸು ಆ ಕೆಫೆಗೆ ಹೋಗಿ ಕೂರತೊಡಗಿದೆ. ಯಾಕೆಂದು ಕೆಫೆಯವನು ಕೇಳಲಿಲ್ಲ. ಅವನಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಮೊದಲು ಹಸಿರು ದೀಪ ನೋಡುವುದು, ಆಮೇಲೆ ಕೂರುವುದು. ಮೇಲ್ ತೆರೆಯುವುದು, ಬರೆಯುವುದು, ಕಳಿಸುವುದು ಕಲಿತೆ. ಅಳಿಸುವುದನ್ನೂ ಕಲಿತೆ. ಆ ಒಂದು ಮೇಲನ್ನು ಮಾತ್ರ ಅಳಿಸಲಾಗಲಿಲ್ಲ. ಎಷ್ಟೋ ಸಲ ಅದರ ಮೇಲೆ ಬಾಣದ ಗುರುತು ತಂದು ನಿಲ್ಲಿಸಿ ಹಿಂದೆ ಸರಿದಿದ್ದೇನೆ.

ಪುಕ್ಕಟೆ ಸಿಗುವ ಇಂಥ ಸವಲತ್ತುಗಳಲ್ಲಿ ನನಗೆ ಮೊದಲು ಅಚ್ಚರಿ ತಂದದ್ದು, ಅವು ನಾನು ಎಷ್ಟನೆಯ ಇಯತ್ತೆ ಎಂದು ಕೇಳುವುದಿಲ್ಲ ಎನ್ನುವುದು. ಬ್ಯಾಂಕಿನಲ್ಲಿ, ಕಚೇರಿಯಲ್ಲಿ ಕೌಂಟರಿನ ಆಚೆಯವನು ನನ್ನ ಸಹಿ ನೋಡಿಯೇ ದನಿ ಬದಲಿಸುತ್ತಿದ್ದ. ಇಲ್ಲಿ ಹಾಗಿಲ್ಲ. ಹತ್ತು ಸಲ ತಪ್ಪಿದರೂ ಹನ್ನೊಂದನೆಯ ಸಲ ಅದೇ ಮುಖ. ಇಂಗ್ಲಿಷ್ ಸಾಲು ಹಾಕಿದರೆ ಮರಾಠಿಗೆ ತಿರುಗಿಸಿ ಕೊಡುವ ಪುಟ ಸಿಕ್ಕಿತು. ಕೆಲವು ವರ್ಷಗಳ ಮೇಲೆ ಕನ್ನಡವೂ ಬಂತು. ಅದರ ಕನ್ನಡ ಮಾವನ ಮನೆಗೆ ಮೊದಲ ಸಲ ಬಂದ ಅಳಿಯನ ಹಾಗೆ ಬಿಗಿಯಾಗಿ ಕೂತಿರುತ್ತಿತ್ತು, ಆದರೆ ಅರ್ಥ ತಿಳಿಯುತ್ತಿತ್ತು. ಆಮೇಲೆ ನಕಾಶೆ. ಅಂಗಡಿಯಲ್ಲಿ ಕೂತು ತಂಗಿಯ ಹೊಲದ ಬಾವಿ ಮೇಲಿನಿಂದ ಹೇಗೆ ಕಾಣುತ್ತದೆಂದು ನೋಡಿದ್ದೇನೆ. ಆಮೇಲೆ ಕ್ಯಾಲೆಂಡರು. ಅವ್ವನ ಸಕ್ಕರೆ ಕಾಯಿಲೆಯ ಗುಳಿಗೆ, ಅವಳ ತಪಾಸಣೆಯ ದಿನ ಎಲ್ಲ ಅದರಲ್ಲಿ ಹಾಕಿದೆ. ಅದು ಗಂಟೆ ಬಾರಿಸಿ ನೆನಪಿಸುತ್ತಿತ್ತು. ನೆನಪಿಡುವ ಭಾರವನ್ನು ಇನ್ನೊಬ್ಬರು ಹೊತ್ತುಕೊಂಡ ಹಾಗೆ. ಆ ಭಾರ ಹೊತ್ತುಕೊಳ್ಳಲಾಗದೆ ಕೆಟ್ಟವನು ನಾನು. ಅದಕ್ಕೇ ಅದರ ಬೆಲೆ ನನಗೆ ಹೆಚ್ಚು ಗೊತ್ತು.

ಗೋಣಿಚೀಲದ ವ್ಯಾಪಾರ ಪ್ಲಾಸ್ಟಿಕ್ ಚೀಲ ಬಂದ ಮೇಲೆ ಇಳಿಯಿತು. ಅಂಗಡಿಯ ಅರ್ಧ ಖಾಲಿಯಾದ ಜಾಗದಲ್ಲಿ ಒಂದು ಹಳೆಯ ಕಂಪ್ಯೂಟರ್ ತಂದಿಟ್ಟೆ. ಸುತ್ತಲಿನವರು ಒಬ್ಬೊಬ್ಬರಾಗಿ ಬರತೊಡಗಿದರು. ಯಾರಿಗೋ ಫೋಟೋದ ಗಾತ್ರ ಸಣ್ಣ ಮಾಡಿಕೊಡಬೇಕು, ಇಲ್ಲದಿದ್ದರೆ ಸರಕಾರಿ ಅರ್ಜಿ ತೆಗೆದುಕೊಳ್ಳುವುದಿಲ್ಲ. ಯಾರಿಗೋ ಸಹಿಯ ಚಿತ್ರ ಕತ್ತರಿಸಿಕೊಡಬೇಕು. ಹಮಾಲರ ಮುಖಂಡನಿಗೆ ಯಾರಿಗೆ ಯಾವ ದಿನ ರಜೆ ಎಂಬ ಪಾಳಿಯ ತಖ್ತೆ ಎಲ್ಲರ ಫೋನಿನಲ್ಲೂ ಕಾಣುವಂತೆ ಬೇಕು. ಖಂಡೇರಾಜುರಿಯ ಒಬ್ಬ ರೈತನಂತೂ ಸೊಸೆ ಹೇಳಿದ ಕಾರಣಕ್ಕೆ ಬಂದು, "ನಮ್ಮ ಮನಿ ಎಲ್ಲೈತಿ ಅಂತ ಆ ನಕಾಶಾದಾಗ ಹಾಕ್ರಿ, ಇಲ್ಲಾಂದ್ರ ಬೀಗರು ಪ್ರತಿ ಸಲ ಮಂದಿ ಮನ್ಯಾಗ ಚಹಾ ಕುಡದ ಬರ್ತಾರ" ಎಂದ. ಎಲ್ಲವೂ ಪುಕ್ಕಟೆ ಸಿಗುವ ಸಾಧನಗಳು; ನಾನೂ ಪುಕ್ಕಟೆಯೇ ಮಾಡಿಕೊಟ್ಟೆ. ಜನ ಹೊಗಳುತ್ತಿದ್ದರು. ಏಳನೆಯ ಇಯತ್ತೆ ಕಲಿತವನು ಎಷ್ಟು ಮುಂದೆ ಬಂದ ನೋಡಿ ಎನ್ನುತ್ತಿದ್ದರು. ಮುಂದೆ ಬರಲು ನಾನು ಯಾರ ತಲೆಯ ಮೇಲೆ ಕಾಲಿಟ್ಟಿದ್ದೆನೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ತಂಗಿಗೆ ಹೇಳಬೇಕೆಂದು ಅನ್ನಿಸಿದ್ದು ಒಂದು ಸಲವಲ್ಲ. ಬಾಯಿಂದ ಆಗುವುದಿಲ್ಲ, ಬರೆದು ಕೊಡೋಣ ಎಂದು ಒಂದು ಆನ್‌ಲೈನ್ ಕಡತ ತೆರೆದೆ. ನಾನು ಕನ್ನಡದಲ್ಲಿ ಮಾತಾಡಿದರೆ ಅದು ಅಕ್ಷರ ಮಾಡಿಕೊಳ್ಳುವ ಸೌಲಭ್ಯ ಅಷ್ಟರಲ್ಲಿ ಬಂದಿತ್ತು. ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಮೆಲ್ಲಗೆ ಮಾತಾಡಿದೆ. ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ತೆರೆದು ತಿದ್ದುತ್ತಿದ್ದೆ. ಆ ಕಡತದಲ್ಲಿ ಹಳೆಯ ಪ್ರತಿಗಳೆಲ್ಲ ತಾರೀಖಿನೊಂದಿಗೆ ಉಳಿದಿರುತ್ತವೆ ಎನ್ನುವುದು ಬಹಳ ತಡವಾಗಿ ತಿಳಿಯಿತು. ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ ಅವನ್ನು ಹಿಂದಿನಿಂದ ಮುಂದಕ್ಕೆ ಓದಿದೆ. ಮೊದಲ ಪ್ರತಿಯಲ್ಲಿ ಕೆಫೆಯ ಮಶೀನು ಪಾಸ್‌ವರ್ಡ್ ತೆಗೆದುಕೊಳ್ಳಲಿಲ್ಲ ಎಂದಿದೆ. ಎರಡನೆಯದರಲ್ಲಿ ಅವ್ವ ನಿನ್ನನ್ನು ಹೋಗಗೊಡಲಿಲ್ಲ, ನಾನೇನು ಮಾಡಲಿ ಎಂದಿದೆ. ಮೂರನೆಯದರಲ್ಲಿ ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದಿದೆ. ಮೂರೂ ನಿಜ. ವಶೀಲಿಯ ಮಾತು ಮಾತ್ರ ಯಾವ ಪ್ರತಿಯಲ್ಲೂ ಇರಲಿಲ್ಲ. ಇಷ್ಟು ವರ್ಷ ನಾನು ತಿದ್ದುತ್ತಿದ್ದುದು ಕಾಗದವನ್ನಲ್ಲ, ತಪ್ಪಿನ ಅಳತೆಯನ್ನು. ಯಾವುದನ್ನೂ ಕಳಿಸಲಿಲ್ಲ. ಅಷ್ಟರಲ್ಲಿ ಅವ್ವ ಹೋದಳು, ಆ ಸಂಸ್ಥೆಯವರಿಗೆ ಕೊನೆಯವರೆಗೂ ಬೈಯುತ್ತಲೇ.

ಈ ವರ್ಷ ತಂಗಿಯ ಮಗಳು ಹನ್ನೆರಡನೆಯದು ಮುಗಿಸಿದಳು. ಅವಳಿಗೆ ನರ್ಸಿಂಗ್ ಕಲಿಯುವ ಮನಸ್ಸು. ಪ್ರವೇಶ ಪರೀಕ್ಷೆಯ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಬೇಕು. ಶನಿವಾರ ಕೊನೆಯ ದಿನ. ಸೋಮವಾರ ತಾಯಿ ಮಗಳು ಸಾಂಗ್ಲಿಯ ಪೇಟೆಗೆಂದು ಸೇತುವೆ ದಾಟಿ ಬಂದವರು ಅಂಗಡಿಗೆ ಬಂದರು. ಬರುವಾಗಲೇ ಇಬ್ಬರ ಮುಖವೂ ದುಮ್ಮೆಂದಿತ್ತು.

"ಮಾಮಾ, ತುಮ್ಹೀ ಸಾಂಗಾ ನಾ ಹಿಲಾ," ಎಂದಿತು ಹುಡುಗಿ. ನೀವಾದರೂ ಇವಳಿಗೆ ಹೇಳಿ ಎಂದು. ಅವಳಿಗೆ ಕನ್ನಡ ತಿಳಿಯುತ್ತದೆ. ಸಿಟ್ಟು ಬಂದರೆ ಮಾತ್ರ ಮರಾಠಿಯೇ ಹೊರಡುತ್ತದೆ.

"ಏನ ಹೇಳಬೇಕ ಅಂವಾ?" ಎಂದಳು ತಂಗಿ. "ಅರ್ಜಿ ತುಂಬಿದ್ರ ಸೀಟ ಸಿಗ್ತಾವೇನ? ಮೊದಲ ಯಾರಿಗೆ ಕೊಡಬೇಕು ಅಂತ ಅವರ ಒಳಗ ಗೊತ್ತಿರತೈತಿ. ನಂದು ಹನ್ನೊಂದ ಇತ್ತು, ನನ್ನ ದಾಟಿ ಹದಿನೇಳಕ್ಕ ಹ್ವಾದ್ರು. ಆಶಾ ಹಚ್ಕೊಂಡು ಕುಂಡ್ರೂದು, ಆಮ್ಯಾಲ ಮಾರಿ ಸಣ್ಣ ಮಾಡೂದು. ಬ್ಯಾಡ. ಬಿ.ಎ.ಗೆ ಹೋಗಲಿ ಸುಮ್ಮನ. ನಿಮ್ಮ ಮಾಮಾನ್ನ ಕೇಳು, ಅಂವಗ ಎಲ್ಲಾ ಗೊತ್ತೈತಿ."

ಹುಡುಗಿ ನನ್ನ ಕಡೆ ನೋಡಿತು. ಹೌದು ಅಂದರೆ ಮುಗಿಯಿತು, ಅವಳ ಅರ್ಜಿಯೂ ಮುಗಿಯಿತು. ಅಲ್ಲ, ಈಗ ಕಾಲ ಬದಲಾಗಿದೆ ಎಂದು ಜಾರಿಕೊಳ್ಳುವ ಮಾತೂ ಬಾಯಿಗೆ ಬಂತು. ಹುಡುಗಿಯನ್ನು ಚಹಾ ತರಲು ಹೊರಗೆ ಕಳಿಸಿ ಹೇಳೋಣ ಅಂತಲೂ ಅನ್ನಿಸಿತು. ಕಳಿಸಲಿಲ್ಲ. ನಾನು ಮೇಲ್ ತೆರೆದೆ. ಹುಡುಕುವ ಖಾನೆಯಲ್ಲಿ ತಂಗಿಯ ತವರುಮನೆಯ ಹೆಸರು ಬರೆದೆ. ಒಂದೇ ಒಂದು ಮೇಲ್ ಬಂತು. ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದೆ.

ಅವಳು ಕನ್ನಡಕ ಹಾಕಿಕೊಂಡು ಓದಿದಳು. ಇಂಗ್ಲಿಷ್ ಮರೆತಿರಬಹುದು ಎಂದುಕೊಂಡಿದ್ದೆ. ಮರೆತಿರಲಿಲ್ಲ.

"ಎಂಟ ದಿನ ಕೊಟ್ಟಿದ್ರಲ್ಲೋ," ಎಂದಳು.

"ಹೂಂ."

"ನೀ ಯಾವಾಗ ನೋಡಿದಿ?"

"ಅವಧಿ ಮುಗದು ಹನ್ನೆರಡ ದಿನಕ್ಕ."

"ಅದಕ್ಕಿಂತ ಮೊದಲ ಮೂರ ವಾರ ನೋಡೇನಿ ಅಂದಿದ್ದಿ."

"ನೋಡಿದ್ದಿಲ್ಲ. ಒಳಗ ಹೋಗಾಕ ಬರಲಿಲ್ಲ ನನಗ. ಯಾರನ್ನರೆ ಕೇಳಾಕ ನಾಚಿಗಿ ಆತು."

ಅವಳು ನಕ್ಕಳು. ಆ ನಗು ಕೇಳಿ ಹುಡುಗಿ ಹೆದರಿ ತಾಯಿಯ ಮುಖ ನೋಡಿತು. "ಯಾರನ್ನರೆ? ನನ್ನ ಕೇಳಬೇಕಿತ್ತಲ್ಲೋ. ಪಾಸ್‌ವರ್ಡ್ ಇಟ್ಟಾಕಿ ನಾನ. ಮನ್ಯಾಗ ಎದುರಿಗೇ ಇದ್ದೆ."

ಇಷ್ಟು ವರ್ಷ ಯೋಚಿಸಿದರೂ ಈ ಮಾತು ನನಗೆ ಹೊಳೆದಿರಲಿಲ್ಲ. ಕೆಫೆಯವನನ್ನು ಕೇಳಬಹುದಿತ್ತು, ಕಾಲೇಜಿನವರನ್ನು ಕೇಳಬಹುದಿತ್ತು ಎಂದು ನೂರು ಸಲ ಅಂದುಕೊಂಡಿದ್ದೇನೆ. ತಂಗಿಯನ್ನೇ ಕೇಳಬಹುದಿತ್ತು ಎಂದು ಒಂದು ಸಲವೂ ಇಲ್ಲ.

"ವಶೀಲಿ ಅಂದಿದ್ದೂ ನೀನ," ಎಂದಳು.

"ಹೂಂ. ಅಲ್ಲಿ ಏನೂ ನಡದಿದ್ದಿಲ್ಲ. ಅವರು ಸರಿಯಾಗೇ ಮಾಡಿದ್ರು."

"ಅವ್ವಾ ಸಾಯೂತನಕ ಅವರಿಗೆ ಬೈದಳು. ನೀ ಬಾಜೂಕ ಕುಂತ ಗುಳಿಗಿ ಕೊಡ್ತಿದ್ದಿ."

ಅವಳು ಇನ್ನೊಮ್ಮೆ ಮೇಲನ್ನು ಮೊದಲಿನಿಂದ ಓದಿದಳು. ಕನ್ನಡಕ ತೆಗೆದು ಡಬ್ಬಿಗೆ ಹಾಕಿ, ಡಬ್ಬಿಯನ್ನು ಚೀಲಕ್ಕೆ ಹಾಕಿ, ಮಗಳಿಗೆ "ನಡಿ" ಎಂದಳು. ಬಸ್ ಸ್ಟಾಪಿನ ಕಡೆ ಇಬ್ಬರೂ ಹೋಗುವುದನ್ನು ನಾನು ಅಂಗಡಿಯ ಕಟ್ಟೆಯಿಂದ ನೋಡಿದೆ. ಹುಡುಗಿ ಏನೋ ಕೇಳುತ್ತಿತ್ತು. ತಾಯಿ ತಿರುಗಿ ನೋಡದೆ ಮುಂದೆ ನಡೆಯುತ್ತಿದ್ದಳು.

ಮಂಗಳವಾರ ಹೋಯಿತು, ಬುಧವಾರ ಹೋಯಿತು. ಫೋನು ಬರಲಿಲ್ಲ. ಮಾಡುವ ಧೈರ್ಯ ನನಗಿರಲಿಲ್ಲ. ಅರ್ಜಿ ತುಂಬಿದರೋ ಇಲ್ಲವೋ ಎಂದು ತಿಳಿಯುವ ದಾರಿಯೂ ಇರಲಿಲ್ಲ. ಇಡೀ ಯಾರ್ಡಿನ ಅರ್ಜಿಗಳು ಎಲ್ಲಿಯವರೆಗೆ ಬಂದಿವೆ ಎಂದು ಕೂತಲ್ಲೇ ಹೇಳಬಲ್ಲೆ. ಇದೊಂದು ನನ್ನ ಕೈಯಲ್ಲಿರಲಿಲ್ಲ. ಇರಬಾರದಿತ್ತು ಕೂಡ. ಅವಳು ಅರ್ಜಿ ತುಂಬದೆ ಬಿಟ್ಟರೆ, "ನೋಡೇನಿ, ಏನೂ ಬಂದಿಲ್ಲ" ಎಂಬ ನನ್ನ ಆ ಎರಡು ಮಾತು ಎರಡನೆಯ ಸಲ ಒಂದು ಹುಡುಗಿಯ ದಾರಿಗೆ ಅಡ್ಡ ಬಿದ್ದ ಹಾಗೆ. ಮೊದಲನೆಯ ಸಲ ನಾನು ಬಚ್ಚಿಟ್ಟು ಕೆಡಿಸಿದೆ. ಈ ಸಲ ಹೇಳಿ ಕೆಡಿಸಿದೆನೋ ಏನೋ ಎಂದು ಕುಳಿತೆ.

ಶುಕ್ರವಾರ ಮಧ್ಯಾಹ್ನ ಹುಡುಗಿ ಒಬ್ಬಳೇ ಬಂದಳು. ಚೀಲದಲ್ಲಿ ಮಾರ್ಕ್ಸ್ ಕಾರ್ಡು, ದಾಖಲೆಗಳು. ಫೋನಿನಲ್ಲಿ ಅವುಗಳ ಫೋಟೋ ತೆಗೆದಿದ್ದಾಳೆ. ಎಲ್ಲವನ್ನೂ ಒಂದೇ ಕಡತವಾಗಿ ಜೋಡಿಸಿ ಹಾಕಬೇಕು, ಅದು ಬರುತ್ತಿಲ್ಲ.

"ತಾ ಇಲ್ಲೆ," ಎಂದು ಕೈ ಚಾಚಿದೆ.

ಅವಳು ಫೋನು ಕೊಡಲಿಲ್ಲ. ಸಂಕೋಚದಿಂದ ಕೆಳಗೆ ನೋಡಿದಳು. "ಅವ್ವ ಹೇಳ್ಯಾಳ್ರಿ ಮಾಮಾ... ಮಾಮಾನ ಕಡೆ ಕಲ್ತ ಬಾ, ಮಾಡಿಸ್ಕೊಂಡ ಬರಬ್ಯಾಡ ಅಂತ."

"ಮತ್ತೇನ ಅಂದಳು?"

"ನನಗ ಹೊಸಾ ಮೇಲ್ ತಗದ ಕೊಟ್ಟಾಳ. ನನ್ನ ಹೆಸರಲೆ. ಪಪ್ಪಾಗೂ ಪಾಸ್‌ವರ್ಡ್ ಹೇಳಬ್ಯಾಡ ಅಂದಾಳ. ಪಪ್ಪಾಗ ಸಿಟ್ಟ ಬಂತು."

"ಬರಲಿ," ಎಂದೆ.

ಅವಳನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ನಾನು ಒಟ್ಟಿದ ಚೀಲಗಳ ಥಪ್ಪಿಯ ಮೇಲೆ ಕುಳಿತೆ. ಪುಟ ಯಾವುದು, ಎಲ್ಲಿ ಒತ್ತಬೇಕು ಎಂದು ಬಾಯಿಂದ ಹೇಳಿದೆ. ಎರಡು ನಿಮಿಷದ ಕೆಲಸ, ಅವಳಿಗೆ ಅರ್ಧ ತಾಸು ಹಿಡಿಯಿತು. ಮೊದಲ ಸಲ ಹತ್ತನೆಯ ಮಾರ್ಕ್ಸ್ ಕಾರ್ಡು ಹನ್ನೆರಡನೆಯದರ ಹಿಂದೆ ಸೇರಿತು. ಇನ್ನೊಮ್ಮೆ ಒಂದು ಹಾಳೆ ತಲೆಕೆಳಗಾಯಿತು. ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ತೊಡೆಯ ಕೆಳಗೆ ಹಾಕಿ ಕುಳಿತೆ. "ಮಾಮಾ, ಹಿಂಗ?" ಎಂದು ಕೇಳುತ್ತಿದ್ದಳು. "ನೀನ ನೋಡು, ಓದು, ಏನಂತೈತಿ?" ಎನ್ನುತ್ತಿದ್ದೆ. ಕೆಂಪು ಸಾಲು ಬಂದಾಗಲೆಲ್ಲ ಅವಳು ಅದನ್ನು ಗಟ್ಟಿಯಾಗಿ ಓದುತ್ತಿದ್ದಳು. ನಾಚಿಕೊಳ್ಳುತ್ತಿರಲಿಲ್ಲ. ಅಂಗಡಿಗೆ ಬಂದ ಗಿರಾಕಿಯೊಬ್ಬ ನಡುವೆ ಬಾಯಿ ಹಾಕಿ ಸಲಹೆ ಕೊಟ್ಟ. ಅದೂ ತಪ್ಪೇ ಆಗಿತ್ತು. ಅವಳು ಅವನಿಗೇ ನಕ್ಕಳು.

ಕೊನೆಗೆ ಜೋಡಿಸಿದಳು. ಮೇಲಿನಿಂದ ಕೆಳಗೆ ಅರ್ಜಿಯ ಪ್ರತಿ ಖಾನೆ ಓದಿ, ಸಲ್ಲಿಸುವ ಗುಂಡಿಯನ್ನು ತಾನೇ ಒತ್ತಿದಳು. ಸ್ವಲ್ಪ ಹೊತ್ತಿಗೆ ಅವಳ ಫೋನು ಟಣ್ ಎಂದಿತು. ಅರ್ಜಿ ತಲುಪಿದೆ ಎಂಬ ಮೇಲ್ ಬಂದಿರಬೇಕು. ಅವಳ ಮುಖ ಅರಳಿತು. ನಾನು ಕುಳಿತಲ್ಲಿಂದಲೇ ಕತ್ತು ಉದ್ದ ಮಾಡಿದೆ. ಫೋನನ್ನು ನನ್ನ ಕಡೆ ತಿರುಗಿಸಲು ಹೋದವಳು ಅರ್ಧಕ್ಕೇ ನಿಂತಳು.

"ಅವ್ವಗ ಮೊದಲ ತೋರಸ್ತೀನ್ರಿ ಮಾಮಾ. ಸಿಟ್ಟಾಗಬ್ಯಾಡ್ರಿ."

"ಸಿಟ್ಯಾಕ ಆಗಲೆವಾ? ಲಗೂ ಹೋಗು, ತೋರಸು. ಸಾಂಗ್ಲಿವಾಡಿ ಬಸ್ಸು ಇನ್ನ ಹತ್ತ ಮಿನಿಟಿಗೆ ಐತಿ."

ಅವಳು ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು ಓಡಿದಳು.